ಮಷಿನ್ ಕೊಳ್ಳುವ ಮೊದಲು ಓಡಾಟ ಎಣಿಸಿ

ಪ್ರಶ್ನೆ: ಮೇಡಂ, ನಾನು ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯೆ. ಮೊದಲು ಆಶಾ ಕೆಲಸ ಮಾಡುತ್ತಿದ್ದೆ. ನಮ್ಮ ದೊಡ್ಡವ್ವನಿಗೆ ಮುಟ್ಟು ನಿಂತು ಎಷ್ಟೋ ವರ್ಷವಾದ ಮೇಲೆ ಮತ್ತೆ ರಕ್ತ ಹೋಗತೊಡಗಿತು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಹೇಳಿದ ಮೇಲೆ ನಾಲ್ಕು ಊರಿನ ದವಾಖಾನೆ ಸುತ್ತಿದೆವು. ಈಗ ಗರ್ಭಕಂಠದ ಕ್ಯಾನ್ಸರ್, 3ಬಿ ಹಂತ ಅಂತ ರಿಪೋರ್ಟ್ ಬಂದಿದೆ, ಚಿಕಿತ್ಸೆ ಇನ್ನೂ ಶುರುವಾಗಿಲ್ಲ. ಇಂಥದ್ದು ಇನ್ನೊಬ್ಬರಿಗೆ ಆಗಬಾರದು ಅಂತ ನಮ್ಮ ಮಹಿಳಾ ಸಂಘಗಳ ಒಕ್ಕೂಟದಲ್ಲಿ ಮಾತಾಡುತ್ತಿದ್ದೇವೆ. ಒಂದು ಕಂಪನಿಯವರು ಹಣ ಕೊಡಲು ಒಪ್ಪಿದ್ದಾರೆ. ಸ್ತನದ ಕ್ಯಾನ್ಸರ್ ಹಿಡಿಯುವ ಎಐ ಮಷಿನ್ ತಗೊಳ್ಳಿ ಅಂತ ಅವರು ಹೇಳುತ್ತಾರೆ. ಸ್ತನದ ಎಕ್ಸ್‌ರೇ ತೆಗೆಯುವ ಮ್ಯಾಮೊಗ್ರಫಿ ಬಸ್ ತರಿಸಿ ದೊಡ್ಡ ಕ್ಯಾಂಪ್ ಮಾಡೋಣ ಅಂತ ಇನ್ನು ಕೆಲವರು. ಯಾವುದಕ್ಕೆ ಹಣ ಹಾಕಿದರೆ ನಮ್ಮ ಹೆಣ್ಣುಮಕ್ಕಳಿಗೆ ನಿಜವಾಗಿ ಉಪಯೋಗ?

ಉತ್ತರ: ಮೊದಲು ದೊಡ್ಡವ್ವನ ವಿಷಯ ಮಾತಾಡೋಣ. ಮಷಿನ್ ಆಮೇಲೆ.

3ಬಿ ಅಂದರೆ ಗಡ್ಡೆ ಕಿಬ್ಬೊಟ್ಟೆಯ ಪಕ್ಕದ ಗೋಡೆಯವರೆಗೆ ಹಬ್ಬಿದೆ, ಇಲ್ಲವೇ ಮೂತ್ರನಾಳವನ್ನು ಒತ್ತಿ ಮೂತ್ರಪಿಂಡಕ್ಕೆ ತೊಂದರೆ ಕೊಡುತ್ತಿದೆ ಎಂದು. ಇದು ಕೈಚೆಲ್ಲುವ ಹಂತವಲ್ಲ. ಗುಣಪಡಿಸುವ ಉದ್ದೇಶದಿಂದಲೇ ಇದಕ್ಕೆ ಚಿಕಿತ್ಸೆ ಕೊಡುತ್ತೇವೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಸಲದಂತೆ ಸುಮಾರು 5 ವಾರ ಹೊರಗಿನಿಂದ ರೇಡಿಯೇಷನ್ ಕೊಡುತ್ತಾರೆ. ಅದರ ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಕೀಮೋ. ಕೊನೆಗೆ ಬ್ರೇಕಿಥೆರಪಿ, ಅಂದರೆ ರೇಡಿಯೇಷನ್ ಮೂಲವನ್ನು ಗರ್ಭಕಂಠದ ಹತ್ತಿರವೇ ಒಯ್ದು ಕೊಡುವ ಚಿಕಿತ್ಸೆ. ಇಷ್ಟೂ 8 ವಾರದೊಳಗೆ ಮುಗಿಯಬೇಕು. ನಡುವೆ ಹಬ್ಬ ಬಂತು, ರಾಶಿ ಬಂತು ಅಂತ ವಾರಗಟ್ಟಲೆ ಬಿಟ್ಟರೆ ಫಲ ಕಡಿಮೆಯಾಗುತ್ತದೆ. ಶುರು ಮಾಡುವ ಮೊದಲು ಹಿಮೋಗ್ಲೋಬಿನ್ ಮತ್ತು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡಿಸಿ. ರಕ್ತ ಕಡಿಮೆಯಿದ್ದರೆ ಏರಿಸಬೇಕು, ಮೂತ್ರಪಿಂಡ ಸರಿಯಿಲ್ಲದಿದ್ದರೆ ಕೀಮೋ ಬದಲಿಸಬೇಕಾಗುತ್ತದೆ. ಈ ಹಂತದಲ್ಲಿ ಯಾರಾದರೂ ‘ಮೊದಲು ಗರ್ಭಚೀಲ ತೆಗೆದುಬಿಡೋಣ’ ಅಂದರೆ ಒಪ್ಪಬೇಡಿ. 3ಬಿಗೆ ಅದು ಚಿಕಿತ್ಸೆಯಲ್ಲ.

ನಿಮಗೆ ಹತ್ತಿರವಾಗುವುದು ಕಲಬುರಗಿಯ ಕಿದ್ವಾಯಿ ಪೆರಿಫೆರಲ್ ಕ್ಯಾನ್ಸರ್ ಕೇಂದ್ರ. ಬೀದರ್ ಕಡೆಯವರು ಹೈದರಾಬಾದಿನ ಸರ್ಕಾರಿ ಎಂಎನ್‌ಜೆ ಆಸ್ಪತ್ರೆಗೆ ಹೋಗುತ್ತಾರೆ. ಆಳಂದ, ಅಫಜಲಪುರದ ಕಡೆಯವರು ಸೊಲ್ಲಾಪುರ, ಬಾರ್ಶಿಗೆ ಹೋಗುವುದೂ ಇದೆ. ಎಲ್ಲಿಗೇ ಹೋಗಿ, ಮೊದಲ ದಿನವೇ ಎರಡು ಪ್ರಶ್ನೆ ಕೇಳಿ: ಬ್ರೇಕಿಥೆರಪಿ ಇಲ್ಲೇ ಸಿಗುತ್ತದೆಯೇ? ಇಲ್ಲವಾದರೆ ಅದಕ್ಕೆ ಯಾವ ಊರು, ಯಾವ ತಾರೀಖು ಗೊತ್ತು ಮಾಡಿದ್ದೀರಿ? ಹೊರಗಿನ ರೇಡಿಯೇಷನ್ ಒಂದು ಊರಲ್ಲಿ ಮುಗಿಸಿ, ಬ್ರೇಕಿಥೆರಪಿಗೆ ಇನ್ನೊಂದು ಊರಲ್ಲಿ ತಿಂಗಳು ಕಾದು ಬಂದ ತಾಯಂದಿರನ್ನು ನಾನು ನೋಡಿದ್ದೇನೆ. ಮುಕ್ಕಾಲು ಗೆದ್ದ ಯುದ್ಧ ಅಲ್ಲಿ ಕೈತಪ್ಪುತ್ತದೆ.

ಈಗ ನಿಮ್ಮ ಪ್ರಶ್ನೆ. ನಿಮ್ಮ ಹಣಕ್ಕೆ ಎಐ ಮಷಿನ್ ಬೇಡ, ಬಸ್ಸೂ ಬೇಡ. ಗರ್ಭಕಂಠದ ಕ್ಯಾನ್ಸರಿಗೆ, ಅದನ್ನು ತರುವ ವೈರಸ್ಸನ್ನು ಹುಡುಕುವ ಎಚ್‌ಪಿವಿ ಪರೀಕ್ಷೆ ಮಾಡಿಸಿ. ಪಾಸಿಟಿವ್ ಬಂದವರನ್ನು ನಿಮ್ಮ ತಾಲ್ಲೂಕಿನಲ್ಲೇ ನೋಡಿ, ಅಲ್ಲೇ ಚಿಕಿತ್ಸೆ ಮಾಡುವ ವ್ಯವಸ್ಥೆ ಕಟ್ಟಿ. ಉಳಿದ ಹಣವನ್ನು ಬಸ್ ಚಾರ್ಜಿಗೆ, ಕಲಬುರಗಿಯಲ್ಲಿ ತಂಗುವುದಕ್ಕೆ ಮತ್ತು ಫೋನ್ ಮಾಡಿ ಬೆನ್ನುಹತ್ತುವ ಒಬ್ಬ ಹೆಣ್ಣುಮಗಳ ಸಂಬಳಕ್ಕೆ ಇಡಿ. ಯಾಕೆ ಅಂತ ವಿವರಿಸುತ್ತೇನೆ, ನಿಮ್ಮ ಒಕ್ಕೂಟದಲ್ಲಿ, ದಾನಿಗಳ ಮುಂದೆ ನೀವೇ ಇದನ್ನು ವಾದಿಸಬೇಕಾಗುತ್ತದೆ.

ಯಾವ ಮಷಿನ್ ಬಂದರೂ ನಾನು ಕೇಳುವುದು ಒಂದೇ ಪ್ರಶ್ನೆ: ಇದರಿಂದ ಒಬ್ಬ ಹೆಣ್ಣುಮಗಳ ಎಷ್ಟು ಓಡಾಟ ಕಡಿಮೆಯಾಗುತ್ತದೆ? ಗರ್ಭಕಂಠದ ಕೋಶಗಳನ್ನು ಗಾಜಿನ ಸ್ಲೈಡಿಗೆ ಸವರಿ ನೋಡುವ ಹಳೆಯ ಪದ್ಧತಿ ಪ್ಯಾಪ್ ಸ್ಮಿಯರ್ ತಗೊಳ್ಳಿ. ಆಕೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಮ್ಮೆ ಬರಬೇಕು. ಸ್ಲೈಡ್ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು, ಪೆಥಾಲಜಿಸ್ಟ್ ಓದಬೇಕು, ರಿಪೋರ್ಟ್ ವಾಪಸ್ ಬರಲು ವಾರಗಳಾಗುತ್ತವೆ. ಏನೋ ಸಂಶಯ ಅಂತ ಬಂದರೆ ಗರ್ಭಕಂಠವನ್ನು ದೊಡ್ಡದಾಗಿ ಮಾಡಿ ನೋಡುವ ಕಾಲ್ಪೊಸ್ಕೊಪಿಗೆ ಇನ್ನೊಂದು ಸಲ, ಬಯಾಪ್ಸಿ ಅಂದರೆ ತುಣುಕು ತೆಗೆದು ನೋಡಿದ ರಿಪೋರ್ಟಿಗೆ ಮತ್ತೊಂದು ಸಲ, ಚಿಕಿತ್ಸೆಗೆ ಮಗದೊಂದು ಸಲ. ಒಂದೊಂದು ಸಲಕ್ಕೂ ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ಬರುವವರ ಕೂಲಿಯೂ ಹೋಗುತ್ತದೆ. ತೊಗರಿ ರಾಶಿ, ಹತ್ತಿ ಬಿಡಿಸುವ ಕಾಲದಲ್ಲಿ ಹೊಲ ಬಿಟ್ಟು ಯಾರು ಬರುತ್ತಾರೆ? ಪ್ರತಿ ತಿರುವಿನಲ್ಲೂ ಒಂದಷ್ಟು ಜನ ಉದುರುತ್ತಾರೆ. ಕೊನೆಗೆ ಚಿಕಿತ್ಸೆಯ ಬಾಗಿಲಿಗೆ ಮುಟ್ಟುವವರು ಕೆಲವೇ ಮಂದಿ. ಉದುರಿದವರ ಪಾಲಿಗೆ ಕ್ಯಾಂಪ್ ಆಗಿಯೂ ಆಗಿಲ್ಲ.

ಎಚ್‌ಪಿವಿ ಪರೀಕ್ಷೆ ಇಲ್ಲಿ ಬೇರೆ ದಾರಿ ತೆರೆದಿದೆ. ಗರ್ಭಕಂಠದ ಕ್ಯಾನ್ಸರ್ ಬರುವುದು ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ ಕೆಲವು ತಳಿಗಳು ವರ್ಷಾನುಗಟ್ಟಲೆ ಅಲ್ಲೇ ಉಳಿದುಬಿಟ್ಟಾಗ. ವೈರಸ್ ಬಂದು ನೆಲೆಸಿ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 10ರಿಂದ 20 ವರ್ಷ ಹಿಡಿಯುತ್ತದೆ. ಅಷ್ಟು ದೊಡ್ಡ ಅವಕಾಶ ನಮಗೆ ಇನ್ನಾವ ಕ್ಯಾನ್ಸರಿನಲ್ಲೂ ಸಿಗುವುದು ಅಪರೂಪ. ಹಾಗಾಗಿ ವರ್ಷ ವರ್ಷ ಪರೀಕ್ಷೆ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇಟ್ಟ ಗುರಿಯಲ್ಲೂ ಇರುವುದು ಇಷ್ಟೇ: ನೂರಕ್ಕೆ 70 ಮಹಿಳೆಯರಿಗೆ 35ರೊಳಗೆ ಒಮ್ಮೆ, 45ರೊಳಗೆ ಇನ್ನೊಮ್ಮೆ ಒಳ್ಳೆಯ ಗುಣಮಟ್ಟದ ಪರೀಕ್ಷೆ ಆಗಬೇಕು. ಎಚ್‌ಐವಿ ಇರುವವರಿಗೆ ಮಾತ್ರ 25ರಿಂದಲೇ ಶುರು ಮಾಡಿ 3ರಿಂದ 5 ವರ್ಷಕ್ಕೊಮ್ಮೆ ಮಾಡಬೇಕು. ಎಚ್‌ಐವಿಗೆ ಎಆರ್‌ಟಿ ಮಾತ್ರೆ ತಗೊಳ್ಳುವ ನಿಮ್ಮೂರ ಹೆಣ್ಣುಮಕ್ಕಳನ್ನು, ಅವರ ಗುಟ್ಟು ಕಾಪಾಡಿಕೊಂಡೇ, ಪಟ್ಟಿಯ ಮೇಲಿಡಿ.

ಇದು ದೂರದ ದೇಶದ ಲೆಕ್ಕ ಅಂತ ಯಾರಾದರೂ ಅಂದರೆ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯ ಹೆಸರು ಹೇಳಿ. ಆಳಂದ ದಾಟಿದರೆ ಉಮರ್ಗಾ, ಅದು ಆ ಜಿಲ್ಲೆಯ ತಾಲ್ಲೂಕು. ಜಿಲ್ಲೆಗೆ ಈಗ ಧಾರಾಶಿವ ಎಂಬ ಹೆಸರಿದೆ. ನಮ್ಮದೇ ಜೋಳ, ನಮ್ಮದೇ ತೊಗರಿ, ನಮ್ಮಂಥದೇ ಹಳ್ಳಿಗಳು. ಅಲ್ಲಿ ಮುಂಬೈನ ಟಾಟಾ ಮೆಮೊರಿಯಲ್ ಮತ್ತು ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆಯವರು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಜೊತೆ ಸೇರಿ 30ರಿಂದ 59 ವರ್ಷದ 1,31,746 ಮಹಿಳೆಯರನ್ನು 8 ವರ್ಷ ಗಮನಿಸಿದರು. ಕೆಲವು ಹಳ್ಳಿಗಳಲ್ಲಿ ಎಚ್‌ಪಿವಿ, ಕೆಲವದರಲ್ಲಿ ಪ್ಯಾಪ್, ಕೆಲವದರಲ್ಲಿ ವಿನೆಗರ್ ಹಚ್ಚಿ ನೋಡುವ ಪರೀಕ್ಷೆ ನಡೆಯಿತು. ಉಳಿದ ಹಳ್ಳಿಗಳಲ್ಲಿ ಎಂದಿನಂತೆ ಆರೋಗ್ಯ ಸೇವೆ. 2009ರಲ್ಲಿ ಫಲಿತಾಂಶ ಬಂತು. ಜೀವನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ನಡೆದ ಹಳ್ಳಿಗಳಲ್ಲಿ ಗರ್ಭಕಂಠದ ಕ್ಯಾನ್ಸರಿನ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಪ್ಯಾಪ್ ಮತ್ತು ವಿನೆಗರ್ ಪರೀಕ್ಷೆಯ ಹಳ್ಳಿಗಳಲ್ಲಿ ಅಂಥ ಸ್ಪಷ್ಟ ಇಳಿಕೆ ಕಾಣಲಿಲ್ಲ. ಪ್ರಪಂಚವೇ ನೋಡಿ ಕಲಿತ ಪಾಠ ನಮ್ಮ ಗಡಿಯಾಚೆ ಒಂದು ತಾಸಿನ ದಾರಿಯಲ್ಲಿ ಹುಟ್ಟಿತು. ಇಷ್ಟು ವರ್ಷವಾದರೂ ಅದು ಆಳಂದಕ್ಕೆ, ಬಸವಕಲ್ಯಾಣಕ್ಕೆ, ಸುರಪುರಕ್ಕೆ ಪೂರ್ತಿ ಬಂದು ಮುಟ್ಟಿಲ್ಲ ಅನ್ನುವುದು ನನಗೆ ತೀರದ ಸಂಕಟ. ದೇಶದಲ್ಲಿ 2022ರ ಒಂದೇ ವರ್ಷ ಸುಮಾರು 1.27 ಲಕ್ಷ ಮಹಿಳೆಯರಿಗೆ ಈ ಕ್ಯಾನ್ಸರ್ ಬಂದಿತ್ತು, ಸುಮಾರು 80 ಸಾವಿರ ಜನ ತೀರಿಕೊಂಡಿದ್ದರು ಅನ್ನುವುದು ಅಂತರರಾಷ್ಟ್ರೀಯ ಅಂದಾಜು. ತಡೆಯಬಹುದಾದ ಕಾಯಿಲೆಯಲ್ಲಿ ಇಷ್ಟು ಸಾವು.

ಈ ಪರೀಕ್ಷೆಯ ದೊಡ್ಡ ಅನುಕೂಲವೆಂದರೆ ಮಾದರಿಯನ್ನು ಆ ಹೆಣ್ಣುಮಗಳೇ ತೆಗೆಯಬಹುದು. ಒಂದು ಗೇಣಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಕಡ್ಡಿ, ತುದಿಯಲ್ಲಿ ಮೆತ್ತನೆಯ ಕುಂಚ. ಜೊತೆಗೊಂದು ತಿರುಪಿನ ಮುಚ್ಚಳದ ಸಣ್ಣ ಟ್ಯೂಬ್. ಆಕೆ ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು, ಕುಕ್ಕರಗಾಲಲ್ಲಿ ಕೂತೋ ಒಂದು ಕಾಲು ಎತ್ತರದ ಮೇಲಿಟ್ಟೋ, ಕುಂಚವನ್ನು ತಡೆ ಸಿಗುವವರೆಗೆ ಯೋನಿಯೊಳಗೆ ನಿಧಾನ ತಳ್ಳಿ, ಕೆಲವು ಸುತ್ತು ತಿರುಗಿಸಿ, ಹೊರತೆಗೆದು ಟ್ಯೂಬಿಗೆ ಹಾಕಿ ಮುಚ್ಚಿದರೆ ಮುಗಿಯಿತು. ನೋವಿಲ್ಲ. ಒಳಗೆ ಅಗಲಿಸಿ ನೋಡುವ ಲೋಹದ ಸ್ಪೆಕ್ಯುಲಮ್ ಇಲ್ಲ, ಯಾರ ಮುಂದೆಯೂ ಸೀರೆ ಎತ್ತಬೇಕಿಲ್ಲ. ಪಿಸಿಆರ್ ಬಗೆಯ ಪರೀಕ್ಷೆಯಾದರೆ ಹೀಗೆ ತಾನೇ ತೆಗೆದ ಮಾದರಿ ವೈದ್ಯರು ತೆಗೆದದ್ದಕ್ಕೆ ಸರಿಸಮ ಅನ್ನುವುದು ಅಧ್ಯಯನಗಳಲ್ಲಿ ಸಾಬೀತಾಗಿದೆ. ಮುಟ್ಟಿನ ದಿನಗಳಲ್ಲಿ ಬೇಡ, ಬಸುರಿಯರಿಗೆ ಬೇಡ. ಇದನ್ನು ಹೇಳಿಕೊಡಲು ಡಾಕ್ಟರ್ ಬೇಕಿಲ್ಲ. ನಿಮ್ಮಂಥ ಆಶಾ ಕಾರ್ಯಕರ್ತೆಯೇ ಬೇಕು. ‘ನನಗೇನ್ ಆಗ್ಯಾದ್ರಿ, ನಾ ಛಲೋ ಅದೀನಿ’ ಅನ್ನುವವರಿಗೆ, ಛಲೋ ಇದ್ದಾಗಲೇ ಮಾಡುವ ಪರೀಕ್ಷೆ ಇದು ಅಂತ ಆಕೆಯ ಮಾತಿನಲ್ಲೇ ಹೇಳಬಲ್ಲವರು ನೀವು.

ಟ್ಯೂಬ್ ಎಲ್ಲಿಗೆ ಹೋಗಬೇಕು? ಟಿಬಿ ಪರೀಕ್ಷೆಗಾಗಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಟ್ರೂನ್ಯಾಟ್ ಎಂಬ ಪುಟ್ಟ ಯಂತ್ರವಿದೆ. ಕೋವಿಡ್ ಕಾಲದಲ್ಲೂ ಅದನ್ನೇ ಬಳಸಿದ್ದು. ಬ್ಯಾಟರಿಯಲ್ಲಿ ನಡೆಯುತ್ತದೆ, ಎಸಿ ಕೋಣೆ ಬೇಡ, ಸುಮಾರು ಒಂದು ತಾಸಿನಲ್ಲಿ ಫಲಿತಾಂಶ ಕೊಡುತ್ತದೆ. ಅದೇ ಯಂತ್ರಕ್ಕೆ ಎಚ್‌ಪಿವಿ ಚಿಪ್ ಈಗ ಬಂದಿದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಯಂತ್ರ ಇದೆಯೇ, ಟಿಬಿ ಕೆಲಸಕ್ಕೆ ಅಡ್ಡಿಯಾಗದಂತೆ ವಾರದಲ್ಲಿ ಎರಡು ಮಧ್ಯಾಹ್ನ ಬಿಟ್ಟುಕೊಡಲು ಸಾಧ್ಯವೇ ಅಂತ ತಾಲ್ಲೂಕು ಆರೋಗ್ಯಾಧಿಕಾರಿಯನ್ನು ಕೇಳಿ, ಬರಹದಲ್ಲಿ ಒಪ್ಪಿಗೆ ತಗೊಳ್ಳಿ. ಯಂತ್ರ ಇಲ್ಲದಿದ್ದರೆ ಯಾದಗಿರಿಯ ವೈದ್ಯಕೀಯ ಕಾಲೇಜಿಗೋ ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್‌ಗೋ ಟ್ಯೂಬುಗಳನ್ನು ಒಟ್ಟಾಗಿ ಕಳಿಸುವ ಮಾತುಕತೆ ಮಾಡಬಹುದು. ಮನುಷ್ಯರು ಓಡಾಡುವುದಕ್ಕಿಂತ ಟ್ಯೂಬ್ ಓಡಾಡುವುದು ಸುಲಭ. ಯಾವ ಕಂಪನಿಯ ಟ್ಯೂಬ್ ಎಷ್ಟು ದಿನ, ಎಷ್ಟು ಸೆಕೆಯಲ್ಲಿ ಕೆಡದೆ ಇರುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ನಮ್ಮ ಏಪ್ರಿಲ್, ಮೇ ಬಿಸಿಲು ಬೆಂಗಳೂರಿನ ಬಿಸಿಲಲ್ಲ.

ಉಸ್ಮಾನಾಬಾದಿನಲ್ಲಿ ನೂರಕ್ಕೆ 10 ಮಂದಿಯಷ್ಟು ಪಾಸಿಟಿವ್ ಬಂದರು. ನಿಮ್ಮಲ್ಲೂ ಆ ಲೆಕ್ಕ ಇಟ್ಟುಕೊಂಡೇ ತಯಾರಾಗಿ. ಪಾಸಿಟಿವ್ ಅಂದರೆ ಕ್ಯಾನ್ಸರ್ ಅಲ್ಲ. ವೈರಸ್ ಇದೆ, ಒಳಗೆ ಒಮ್ಮೆ ನೋಡಬೇಕು, ಅಷ್ಟೇ. ಈ ವಾಕ್ಯವನ್ನು ಪರೀಕ್ಷೆಗೆ ಮೊದಲೇ ಹೇಳಿ. ಇಲ್ಲದಿದ್ದರೆ ಮನೆಯಲ್ಲಿ ಜಗಳ, ಗಂಡನ ಸಂಶಯ, ಊರಿನ ಬಾಯಿ, ಎಲ್ಲ ಶುರುವಾಗುತ್ತದೆ. ಈ ವೈರಸ್ ಗಂಡ ಹೆಂಡಿರಲ್ಲಿ ಬಹಳ ಸಾಮಾನ್ಯ, ಯಾವಾಗ ಬಂತೆಂದು ಯಾರಿಗೂ ಹೇಳಲಾಗದು, ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದೆ.

ಒಳಗೆ ನೋಡುವ ಕೆಲಸ ತಾಲ್ಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಗರ್ಭಕಂಠಕ್ಕೆ 3ರಿಂದ 5 ಪ್ರತಿಶತದ ಅಸಿಟಿಕ್ ಆಸಿಡ್ (ವಿನೆಗರ್) ಹಚ್ಚಿ ಒಂದು ನಿಮಿಷ ಕಾಯಬೇಕು. ಕಾಯಿಲೆಗೆ ತಿರುಗುತ್ತಿರುವ ಜಾಗ ಅಂಚು ಕಟ್ಟಿದಂತೆ ದಟ್ಟ ಬೆಳ್ಳಗಾಗುತ್ತದೆ. ಗಡಿಬಿಡಿಯಲ್ಲಿ ಹತ್ತು ಸೆಕೆಂಡಿಗೆ ನೋಡಿ ‘ನಾರ್ಮಲ್’ ಬರೆದರೆ ತಪ್ಪುತ್ತದೆ. ಮೊಬೈಲಿಗೆ ಜೋಡಿಸುವ ಕಾಲ್ಪೊಸ್ಕೊಪ್ ಇದ್ದರೆ ಫೋಟೊ ತೆಗೆದು ಕಲಬುರಗಿಯ ಸ್ತ್ರೀರೋಗ ತಜ್ಞರಿಗೆ ಆಗಲೇ ತೋರಿಸಬಹುದು. ಎಐ ಬಗ್ಗೆ ನಿಮ್ಮ ದಾನಿಗಳಿಗೆ ಆಸೆ ಇದ್ದರೆ ಅದರ ಮೊದಲ ಉಪಯೋಗ ಇಲ್ಲಾಗಬಹುದು, ಆದರೆ ಫೋಟೊ ಮಸುಕಾಗಿದ್ದರೆ ಯಾವ ಎಐ ಏನೂ ಮಾಡಲಾರದು. ಸದ್ಯಕ್ಕೆ ತಜ್ಞರ ಕಣ್ಣಿಗೆ ಕಳಿಸಿ. ಚಿಕಿತ್ಸೆ ಬೇಕಾದರೆ ಥರ್ಮಲ್ ಅಬ್ಲೇಷನ್ ಎಂಬ ಕೈಯಲ್ಲಿ ಹಿಡಿಯುವ ಬ್ಯಾಟರಿ ಉಪಕರಣವಿದೆ. ಅದರ ತುದಿ 100 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯುತ್ತದೆ, ಗರ್ಭಕಂಠಕ್ಕೆ 20ರಿಂದ 30 ಸೆಕೆಂಡ್ ಒತ್ತಿ ಹಿಡಿದರೆ ಕೆಟ್ಟ ಪದರ ಸುಟ್ಟುಹೋಗುತ್ತದೆ. ಸಾಮಾನ್ಯವಾಗಿ ಅರಿವಳಿಕೆ ಬೇಕಾಗುವುದಿಲ್ಲ, ಮುಟ್ಟಿನ ನೋವಿನಂಥ ಸೆಳೆತ ಕೆಲ ಹೊತ್ತು ಇರುತ್ತದೆ, ಸಂಜೆಗೆ ಮನೆಗೆ ಹೋಗಬಹುದು. ಮೊದಲು ಇದಕ್ಕೆ ಕೆಟ್ಟ ಪದರವನ್ನು ಹೆಪ್ಪುಗಟ್ಟಿಸಿ ಕೊಲ್ಲುವ, ಗ್ಯಾಸ್ ಸಿಲಿಂಡರ್ ಬೇಕಾಗುವ ಕ್ರಯೊಥೆರಪಿ ಇತ್ತು. ಸಿಲಿಂಡರ್ ತರಿಸುವುದೇ ಒಂದು ಕಷ್ಟವಾಗಿ ಎಷ್ಟೋ ಕಡೆ ಅದು ಮೂಲೆ ಸೇರಿತು. ಥರ್ಮಲ್ ಅಬ್ಲೇಷನ್ ಎಲ್ಲರಿಗೂ ಆಗುವುದಿಲ್ಲ. ಬಿಳಿ ಜಾಗ ಒಳಗಿನ ನಾಳಕ್ಕೆ ಹೋಗಿದ್ದರೆ, ಗರ್ಭಕಂಠದ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹಬ್ಬಿದ್ದರೆ, ಕ್ಯಾನ್ಸರಿನ ಸಂಶಯವಿದ್ದರೆ ಸುಡಬಾರದು, ಬಯಾಪ್ಸಿಗೆ ಕಳಿಸಬೇಕು. ಇದನ್ನು ಕಲಿತ ವೈದ್ಯರೇ ಮಾಡಬೇಕು.

ಲೆಕ್ಕ ಹಾಕಿ ನೋಡಿ: ಮನೆಯಲ್ಲಿ ಮಾದರಿ, ಪಾಸಿಟಿವ್ ಬಂದವರಿಗೆ ಮಾತ್ರ ತಾಲ್ಲೂಕಿಗೆ ಒಂದು ಓಡಾಟ, ಆ ದಿನವೇ ಪರೀಕ್ಷೆ, ಆ ದಿನವೇ ಚಿಕಿತ್ಸೆ. ಒಂದು ವರ್ಷ ಕಳೆದು ಮತ್ತೊಮ್ಮೆ ಎಚ್‌ಪಿವಿ. ನೂರರಲ್ಲಿ ತೊಂಬತ್ತು ಜನ ಊರು ಬಿಟ್ಟು ಕದಲಬೇಕಿಲ್ಲ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಸುಮಾರು ಹತ್ತು ವರ್ಷದ ಹಿಂದೆ ಕಲಬುರಗಿ ಜಿಲ್ಲೆಯ ತಾಂಡಾಗಳ, ದಲಿತ ಕೇರಿಗಳ ಹೆಣ್ಣುಮಕ್ಕಳು ಬೀದಿಗೆ ಬಂದು ಹೇಳಿದ್ದನ್ನು ನೀವೂ ಕೇಳಿರುತ್ತೀರಿ. ಹೊಟ್ಟೆನೋವು, ಬಿಳಿಮುಟ್ಟು ಅಂತ ಹೋದವರಿಗೆ ‘ಕ್ಯಾನ್ಸರ್ ಆಗುತ್ತದೆ’ ಎಂದು ಹೆದರಿಸಿ, ಇನ್ನೂ ಚಿಕ್ಕ ವಯಸ್ಸಿನವರ ಗರ್ಭಚೀಲಗಳನ್ನು ತೆಗೆದಿದ್ದರು. ಅನಗತ್ಯ ಶಸ್ತ್ರಚಿಕಿತ್ಸೆಗಳು ನಡೆದವು ಅಂತ ಸರ್ಕಾರದ ತನಿಖೆಯೇ ಹೇಳಿತು. ಆ ತಾಯಂದಿರ ಮುಂದೆ ನೀವು ಹೋಗಿ ‘ಕ್ಯಾನ್ಸರ್ ಟೆಸ್ಟ್’ ಅಂದರೆ ಅವರು ಬಾಗಿಲು ಹಾಕಿಕೊಳ್ಳುತ್ತಾರೆ. ಹಾಕಿಕೊಳ್ಳುವುದು ಸರಿಯೇ. ಹಾಗಾಗಿ ನಿಮ್ಮ ಕಾರ್ಯಕ್ರಮದಲ್ಲಿ ಒಂದು ಚೀಟಿ ಕಡ್ಡಾಯ ಮಾಡಿ. ಎಚ್‌ಪಿವಿ ಪಾಸಿಟಿವ್ ಬಂದರೆ ಗರ್ಭಚೀಲ ತೆಗೆಸಬೇಕಾಗಿಲ್ಲ, ಯಾರಾದರೂ ತೆಗೆಸಿ ಅಂದರೆ ಮೊದಲು ಈ ನಂಬರಿಗೆ ಫೋನ್ ಮಾಡಿ, ಬಯಾಪ್ಸಿ ರಿಪೋರ್ಟ್ ಇಲ್ಲದೆ ಆಪರೇಷನ್ನಿಗೆ ಒಪ್ಪಬೇಡಿ ಅಂತ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ. ಓದಲು ಬಾರದವರಿಗೆ ಓದಿ ಹೇಳಿ, ಲಂಬಾಣಿ ಮಾತಾಡುವವರಿಗೆ ಅವರ ಮಾತಿನಲ್ಲಿ ಹೇಳಿಸಿ. ಈ ಚೀಟಿ ಇಲ್ಲದೆ ತಪಾಸಣೆ ಶುರು ಮಾಡಬೇಡಿ. ಒಳ್ಳೆಯ ಪರೀಕ್ಷೆಯೂ ಕೆಟ್ಟ ಕೈಗೆ ಗಿರಾಕಿ ತಂದುಕೊಡುವ ಸಾಧನವಾಗಬಲ್ಲದು.

ಸ್ತನದ ಕ್ಯಾನ್ಸರಿಗೆ ಬರೋಣ. ನಿಮ್ಮ ದಾನಿಗಳು ಹೇಳುವ ಎಐ ಮಷಿನ್ ಬಹುಶಃ ಚರ್ಮದ ಶಾಖವನ್ನು ಕ್ಯಾಮೆರಾದಲ್ಲಿ ಹಿಡಿದು ಲೆಕ್ಕ ಹಾಕುವ ಬಗೆಯದು. ಮುಟ್ಟುವುದಿಲ್ಲ, ಒತ್ತುವುದಿಲ್ಲ, ಹೆಣ್ಣುಮಕ್ಕಳಿಗೆ ಮುಜುಗರವಿಲ್ಲ ಅನ್ನುವುದು ನಿಜ. ಆದರೆ ಅಂಥ ತಪಾಸಣೆಯಿಂದ ಸಾವು ಕಡಿಮೆಯಾಯಿತು ಅಂತ ತೋರಿಸಿದ ದೊಡ್ಡ ಅಧ್ಯಯನ ನನ್ನ ಮುಂದಿಲ್ಲ. ಶಾಖದ ಚಿತ್ರ ಮ್ಯಾಮೊಗ್ರಫಿಗೆ ಬದಲಿಯಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿದೆ. ಮ್ಯಾಮೊಗ್ರಾಮ್ ಓದುವ ಎಐ ಬೇರೆ, ಅದು ನಿಜಕ್ಕೂ ಮುಂದೆ ಹೋಗಿದೆ. ಸ್ವೀಡನ್ನಿನಲ್ಲಿ 80 ಸಾವಿರ ಮಹಿಳೆಯರ ಅಧ್ಯಯನದಲ್ಲಿ ಎಐ ನೆರವಿನಿಂದ ರೇಡಿಯಾಲಜಿಸ್ಟರ ಓದುವ ಕೆಲಸ ನೂರಕ್ಕೆ 44ರಷ್ಟು ಇಳಿಯಿತು, ಕ್ಯಾನ್ಸರ್ ಹಿಡಿಯುವುದು ಕಡಿಮೆಯಾಗಲಿಲ್ಲ ಅಂತ 2023ರಲ್ಲಿ ವರದಿಯಾಯಿತು. ಅಲ್ಲಿ ಪ್ರತಿ ಚಿತ್ರವನ್ನೂ ಇಬ್ಬರು ತಜ್ಞರು ಓದುತ್ತಾರೆ, ಹಾಗಾಗಿ ಉಳಿತಾಯವಾಯಿತು. ನಮ್ಮ ಕೊರತೆ ಚಿತ್ರ ಓದುವಲ್ಲಿ ಮಾತ್ರ ಇಲ್ಲ. ಚಿತ್ರದಲ್ಲಿ ಗಂಟು ಕಂಡ ಮೇಲೆ ಸೂಜಿ ಹಾಕುವವರಿಲ್ಲ, ಸೂಜಿ ಹಾಕಿದರೆ ತುಣುಕು ಓದುವವರು ದೂರ. ಬಸ್ ಬಂದು ಹೋದ ಮರುದಿನ ಆ ಚೀಟಿ ಹಿಡಿದ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು?

ನಮ್ಮ ದೇಶದ ಮಹಿಳೆಯರಿಗೆ ಸ್ತನದ ಕ್ಯಾನ್ಸರ್ ಪಶ್ಚಿಮದವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ. ಆ ವಯಸ್ಸಿನಲ್ಲಿ ಸ್ತನ ಗಟ್ಟಿ ಇರುವುದರಿಂದ ಮ್ಯಾಮೊಗ್ರಾಮಿನಲ್ಲಿ ಗಂಟು ಮರೆಯಾಗುವುದು ಹೆಚ್ಚು. ಮುಂಬೈನಲ್ಲಿ 35ರಿಂದ 64 ವರ್ಷದ ಒಂದೂವರೆ ಲಕ್ಷ ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ, ತರಬೇತಿ ಪಡೆದ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಮುಟ್ಟಿ ಪರೀಕ್ಷಿಸಿದರು. 20 ವರ್ಷದ ಈ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಮೊದಲಿನ ಹಂತದಲ್ಲೇ ಸಿಕ್ಕಿತು, 50 ದಾಟಿದವರಲ್ಲಿ ಸಾವು ನೂರಕ್ಕೆ 30ರ ಹತ್ತಿರ ಇಳಿಯಿತು. ಚಿಕ್ಕ ವಯಸ್ಸಿನವರಲ್ಲಿ ಅಂಥ ಇಳಿಕೆ ಕಾಣಲಿಲ್ಲ ಅನ್ನುವುದನ್ನೂ ಹೇಳಬೇಕು. ಹಾಗಾಗಿ ಸ್ತನಕ್ಕೆ ನಿಮ್ಮ ಹಣ ತರಬೇತಿಗೆ ಹೋಗಲಿ, ಮತ್ತು ತಾಲ್ಲೂಕು ಆಸ್ಪತ್ರೆಯ ಸರ್ಜನ್ ಒಪ್ಪಿದರೆ ಗಂಟಿನಿಂದ ತುಣುಕು ತೆಗೆಯುವ ಕೋರ್ ಬಯಾಪ್ಸಿ ಗನ್ ಮತ್ತು ಸೂಜಿಗಳಿಗೆ ಹೋಗಲಿ.

ತುಣುಕು ತೆಗೆದ ಮೇಲಿನ ಕೆಲಸ ಸಣ್ಣದು, ಆದರೆ ಅಲ್ಲೇ ಹೆಚ್ಚು ಕೆಡುವುದು. ಬೆಂಕಿಕಡ್ಡಿಯ ದಪ್ಪದ ಆ ಬಿಳಿ ತುಣುಕನ್ನು ಒಂದು ತಾಸಿನೊಳಗೆ 10 ಪ್ರತಿಶತದ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ಗೆ ಹಾಕಬೇಕು. ಸಲೈನ್‌ನಲ್ಲಿ ಬೇಡ, ಸ್ಪಿರಿಟ್‌ನಲ್ಲಿ ಬೇಡ. ಡಬ್ಬಿಯ ಮೇಲೆ ಹೆಸರಿನ ಜೊತೆ ತಾರೀಖು, ಹಾಕಿದ ಸಮಯ ಬರೆಯಬೇಕು. 6 ತಾಸಿಗಿಂತ ಕಡಿಮೆಯಾಗಲಿ, 72 ತಾಸಿಗಿಂತ ಹೆಚ್ಚಾಗಲಿ ಅದರಲ್ಲಿ ಇರಬಾರದು. ಹೀಗೆ ಮಾಡದಿದ್ದರೆ ಯಾವ ಔಷಧ ಹಿಡಿಯುತ್ತದೆಂದು ತಿಳಿಸುವ ಇಆರ್, ಪಿಆರ್, ಹರ್-2 ಎಂಬ ಪರೀಕ್ಷೆಗಳು ತಪ್ಪು ಉತ್ತರ ಕೊಡಬಹುದು, ಹಾರ್ಮೋನ್ ಮಾತ್ರೆಯಿಂದ ಬದುಕಬೇಕಾದ ಹೆಣ್ಣುಮಗಳಿಗೆ ಆ ಮಾತ್ರೆಯೇ ಸಿಗದೆ ಹೋಗಬಹುದು. ತುಣುಕು ಕೆಟ್ಟಿತು, ಮತ್ತೆ ತೆಗೆಯಬೇಕು ಅಂತ ಹೇಳಿ ಕಳಿಸಿದಾಗ ಆಕೆಯ ಮುಖ ನೋಡುವುದು ನನಗೆ ಈಗಲೂ ಕಷ್ಟ. ಒಳ್ಳೆಯ ಫಾರ್ಮಲಿನ್ ಡಬ್ಬಿ ತೀರಾ ಕಡಿಮೆ ಬೆಲೆಯ ವಸ್ತು.

ಬಾಯಿ ಕ್ಯಾನ್ಸರ್ ಹುಡುಕಲು ಮಷಿನ್ ಬೇಡವೇ ಬೇಡ. ಒಳ್ಳೆಯ ಟಾರ್ಚ್, ಕಟ್ಟಿಗೆಯ ಎರಡು ಚಪ್ಪಟೆ ಕಡ್ಡಿ, ಕೈಗವಸು ಸಾಕು. ತಿರುವನಂತಪುರ ಜಿಲ್ಲೆಯಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದ್ದರಿಂದಲೇ ತಂಬಾಕು, ಕುಡಿತದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ನೂರಕ್ಕೆ 34ರಷ್ಟು ಇಳಿಯಿತು ಅಂತ 2005ರಲ್ಲಿ ಗೊತ್ತಾಯಿತು. ಇಲ್ಲಿ ಗಂಡಸರನ್ನು ಬಿಡಬೇಡಿ. ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು, ಎರಡೂ ಬೆರೆಸಿ ಬಾಯಿಗೆ ಹಾಕುವುದು ಬಸ್ ಸ್ಟ್ಯಾಂಡಿನಲ್ಲಿ ದಿನವೂ ಕಾಣುತ್ತದೆ. ವಯಸ್ಸಾದ ತಾಯಂದಿರು ರಾತ್ರಿ ಎಲೆ ತಂಬಾಕು ದವಡೆಯಲ್ಲಿಟ್ಟುಕೊಂಡು ಮಲಗುತ್ತಾರೆ. ಅದೇ ಜಾಗವನ್ನು ನೋಡಿ. ಕೆನ್ನೆಯ ಒಳಬದಿ, ನಾಲಿಗೆಯ ಎರಡೂ ಅಂಚು, ನಾಲಿಗೆಯ ಕೆಳಗೆ. ಬಿಳಿ ಮಚ್ಚೆಗಿಂತ ಕೆಂಪು ಮಚ್ಚೆ ಹೆಚ್ಚು ಅಪಾಯ. ಎರಡು ಮೂರು ವಾರದಲ್ಲಿ ಮಾಯದ ಹುಣ್ಣಿದ್ದರೆ, ಬಾಯಲ್ಲಿ ಮೂರು ಬೆರಳು ಹೋಗದಿದ್ದರೆ ಫೋಟೊ ತೆಗೆದು ದಂತ ವೈದ್ಯರಿಗೆ ಕಳಿಸಿ. ಈ ಒಂದು ಕೆಲಸಕ್ಕೆ ಸ್ಮಾರ್ಟ್‌ಫೋನ್ ನಿಜಕ್ಕೂ ಒಳ್ಳೆಯ ವೈದ್ಯಕೀಯ ಉಪಕರಣ.

ಲಸಿಕೆಯ ವಿಷಯ ಚುಟುಕಾಗಿ. 9ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆ ಕೊಡಿಸಿ. ಒಂದು ಡೋಸ್ ಕೂಡ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ನಮ್ಮದೇ ದೇಶದ ಸರ್ವಾವ್ಯಾಕ್ 2023ರಲ್ಲಿ ಬಿಡುಗಡೆಯಾಯಿತು. ಲಸಿಕೆ ಹಾಕಿಸಿಕೊಂಡ ಹುಡುಗಿಗೂ 30 ದಾಟಿದ ಮೇಲೆ ಪರೀಕ್ಷೆ ಬೇಕು.

ಚಿಕಿತ್ಸೆಯ ಯಂತ್ರಗಳ ಬಗ್ಗೆ ಜನ ನನ್ನನ್ನು ಕೇಳುತ್ತಾರೆ: ‘ಇಲ್ಲಿ ಕೋಬಾಲ್ಟ್ ಅದರಿ, ಬೆಂಗಳೂರಾಗ ಹೊಸಾ ಮಷಿನ್ ಅದ, ಅಲ್ಲಿಗೇ ಹೋಗಬೇಕೇನ್ರಿ?’ ರೇಡಿಯೇಷನ್ ಕೊಡುವ ಕೋಬಾಲ್ಟ್ ಯಂತ್ರ ಹಳೆಯ ತಂತ್ರಜ್ಞಾನ ನಿಜ. ಹೊಸ ಯಂತ್ರವಾದ ಲೀನಿಯರ್ ಆಕ್ಸಲರೇಟರಿನಲ್ಲಿ ಸುತ್ತಲಿನ ಅಂಗಗಳಿಗೆ ಪೆಟ್ಟು ಕಡಿಮೆ, ಸೌಲಭ್ಯ ಹತ್ತಿರದಲ್ಲಿದ್ದರೆ ಅದೇ ಒಳ್ಳೆಯದು. ಆದರೆ ಗರ್ಭಕಂಠದ ಕ್ಯಾನ್ಸರಿನಲ್ಲಿ ಕಲಬುರಗಿಯಲ್ಲಿ ಸಮಯಕ್ಕೆ ಪೂರ್ತಿ ಮುಗಿಸಿದ ಕೋಬಾಲ್ಟ್, ಬೆಂಗಳೂರಿನಲ್ಲಿ ಅರ್ಧಕ್ಕೆ ಬಿಟ್ಟು ಬಂದ ಹೊಸ ಯಂತ್ರಕ್ಕಿಂತ ಎಷ್ಟೋ ಮೇಲು. ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಭಾಭಾಟ್ರಾನ್ ಎಂಬ ಸ್ವದೇಶಿ ಕೋಬಾಲ್ಟ್ ಯಂತ್ರ ಮಾಡಿದ್ದೇ ಇಂಥ ಊರುಗಳಿಗಾಗಿ. ಕರೆಂಟ್ ಏರಿಳಿತವನ್ನು ಇದು ತಡೆದುಕೊಳ್ಳುತ್ತದೆ. ನೀವು ಕೇಳಬೇಕಾದ್ದು ಯಂತ್ರದೊಳಗಿನ ಕೋಬಾಲ್ಟ್ ಮೂಲ ಯಾವಾಗ ಬದಲಿಸಿದ್ದು ಅಂತ. ಕೋಬಾಲ್ಟ್-60ರ ಶಕ್ತಿ 5.27 ವರ್ಷಕ್ಕೆ ಅರ್ಧವಾಗುತ್ತದೆ. ಮೂಲ ಹಳೆಯದಾದಷ್ಟೂ ಒಬ್ಬೊಬ್ಬರಿಗೆ ಹಿಡಿಯುವ ಹೊತ್ತು ಹೆಚ್ಚು, ಸರದಿ ಉದ್ದ. ಜನಪ್ರತಿನಿಧಿಯಾಗಿ ಈ ಪ್ರಶ್ನೆಯನ್ನು ನೀವು ಜಿಲ್ಲಾ ಮಟ್ಟದ ಸಭೆಯಲ್ಲೇ ಎತ್ತಬಹುದು. ಸಂವಿಧಾನದ 371ಜೆ ವಿಧಿಯ ಅಡಿ ನಮ್ಮ ಭಾಗಕ್ಕೆ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಇಂಥ ಕೆಲಸಕ್ಕೂ ಬಳಕೆಯಾಗಬೇಕು ಅಂತ ಕೇಳುವ ಹಕ್ಕು ನಮಗಿದೆ. ಕೀಮೋ ಮಾತ್ರ ಬೇಕಾದವರಿಗೆ 2025ರಲ್ಲಿ ರಾಜ್ಯ ಸರ್ಕಾರ ಕೆಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಶುರು ಮಾಡಿತು. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ವ್ಯವಸ್ಥೆ ಅದು. ನಿಮ್ಮ ಜಿಲ್ಲೆಗೂ ಅದನ್ನು ಒತ್ತಾಯ ಮಾಡಿ ಕೇಳಿ.

ಖರ್ಚಿಗೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. ಖಾಸಗಿ ಆಸ್ಪತ್ರೆಗಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಬೇಕು. ಸೊಲ್ಲಾಪುರ, ಹೈದರಾಬಾದ್ ಕಡೆ ಹೊರಡುವ ಮುಂಚೆ ಆ ಆಸ್ಪತ್ರೆಯಲ್ಲಿ ನಮ್ಮ ಕಾರ್ಡ್ ನಡೆಯುತ್ತದೆಯೇ ಅಂತ ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯ ಮಿತ್ರರ ಹತ್ತಿರ ವಿಚಾರಿಸಿ. ಕಾರ್ಡ್ ಚಿಕಿತ್ಸೆಯ ಬಿಲ್ ಕಟ್ಟುತ್ತದೆ. ಐದಾರು ವಾರ ಊರು ಬಿಟ್ಟು ಇರುವ ಬಾಡಿಗೆ, ಊಟ, ಜೊತೆಗಿದ್ದವರ ಕೂಲಿ ಅದರಲ್ಲಿ ಬರುವುದಿಲ್ಲ. ಅರ್ಧಕ್ಕೆ ಬಿಟ್ಟುಹೋಗುವವರಲ್ಲಿ ಬಹಳ ಜನ ಇದಕ್ಕೇ ಬಿಟ್ಟುಹೋಗುವುದು. ನಿಮ್ಮ ದಾನಿಗಳ ಹಣದಲ್ಲಿ ಕಲಬುರಗಿಯಲ್ಲಿ ಆಸ್ಪತ್ರೆಗೆ ನಡೆದು ಹೋಗುವಷ್ಟು ಹತ್ತಿರ ಎರಡು ಕೋಣೆ ಬಾಡಿಗೆಗೆ ಹಿಡಿದರೆ, ಅಡಿಗೆಗೆ ಒಂದು ಗ್ಯಾಸ್ ಒಲೆ ಇಟ್ಟರೆ, ಅದು ಯಾವ ಮಷಿನ್‌ಗೂ ಕಡಿಮೆಯಲ್ಲದ ಚಿಕಿತ್ಸೆ.

ಮತ್ತು ಆ ಒಬ್ಬ ಹೆಣ್ಣುಮಗಳ ಸಂಬಳ. ಆಕೆಯ ಕೈಯಲ್ಲಿ ಒಂದು ರಿಜಿಸ್ಟರ್. ಹೆಸರು, ಮಾದರಿ ಕೊಟ್ಟ ತಾರೀಖು, ಫಲಿತಾಂಶ ಬಂದ ತಾರೀಖು, ತಾಲ್ಲೂಕಿಗೆ ಹೋದ ತಾರೀಖು, ಚಿಕಿತ್ಸೆಯಾದ ತಾರೀಖು. ಫೋನ್ ನಂಬರ್ ಎರಡು ಬರೆಸಿಕೊಳ್ಳಿ, ಯಾಕೆಂದರೆ ಮನೆಯ ಫೋನ್ ಸಾಮಾನ್ಯವಾಗಿ ಮಗನ ಜೇಬಿನಲ್ಲಿರುತ್ತದೆ. ಎರಡನೆಯದು ಆಕೆ ನಂಬುವ ನೆರೆಮನೆಯವರದು ಅಥವಾ ತವರಿನದು. ಯಾರ ಫೋನಿಗೆ ಏನು ಹೇಳಬಹುದು ಅಂತಲೂ ಆಕೆಯನ್ನೇ ಕೇಳಿ ಬರೆಯಿರಿ. ಗುಳೆ ಹೋಗುವವರ ಹೆಸರಿನ ಮುಂದೆ ಯಾವ ಊರಿಗೆ, ಯಾವಾಗ ವಾಪಸ್ ಅಂತ ಗುರುತು ಹಾಕಿ. ಪುಣೆ, ಬೆಂಗಳೂರಿಗೆ ದುಡಿಯಲು ಹೋದವರು ಯುಗಾದಿಗೆ, ಮೊಹರಂಗೆ, ಊರ ಜಾತ್ರೆಗೆ ಬರುತ್ತಾರೆ. ನಿಮ್ಮ ಮಾದರಿ ಸಂಗ್ರಹದ ದಿನಗಳನ್ನು ಆ ಪಂಚಾಂಗದ ಪ್ರಕಾರ ಇಟ್ಟುಕೊಳ್ಳಿ, ತೊಗರಿ ರಾಶಿಯ ದಿನಗಳನ್ನು ಬಿಡಿ. ಗೃಹ ಆರೋಗ್ಯ ಯೋಜನೆಯಲ್ಲಿ ಮನೆಗೆ ಬರುವ ಸರ್ಕಾರಿ ತಂಡದ ಪಟ್ಟಿಯ ಜೊತೆ ನಿಮ್ಮ ಪಟ್ಟಿಯನ್ನು ತಿಂಗಳಿಗೊಮ್ಮೆ ತಾಳೆ ನೋಡಿ, ಒಬ್ಬರನ್ನೇ ಎರಡು ಸಲ ಕರೆದು ಇನ್ನೊಬ್ಬರನ್ನು ಬಿಟ್ಟುಬಿಡುವುದು ತಪ್ಪುತ್ತದೆ.

ದಾನಿಗಳು ಫೋಟೊಗೆ ಮಷಿನ್ ಬೇಕು ಅಂತ ಪಟ್ಟು ಹಿಡಿದರೆ ಥರ್ಮಲ್ ಅಬ್ಲೇಷನ್ ಉಪಕರಣ ಕೊಡಿಸಲಿ, ಅದರ ಮೇಲೆ ಅವರ ಹೆಸರು ಬರೆಸಿ. ಮೂರು ವರ್ಷದ ಸರ್ವಿಸ್ ಕರಾರು, ಒಂದು ಹೆಚ್ಚುವರಿ ಬ್ಯಾಟರಿ, ಇಬ್ಬರು ವೈದ್ಯರ ತರಬೇತಿ, ಇವು ಖರೀದಿ ಪತ್ರದಲ್ಲೇ ಇರಲಿ. ಒಬ್ಬ ವೈದ್ಯರಿಗೆ ಮಾತ್ರ ಕಲಿಸಿದರೆ ಅವರ ವರ್ಗಾವಣೆಯ ದಿನವೇ ಉಪಕರಣ ಕಪಾಟು ಸೇರುತ್ತದೆ. ಈ ಮಾತುಕತೆ ನಡೆಯುತ್ತಿರಲಿ, ದೊಡ್ಡವ್ವನನ್ನು ಮಾತ್ರ ಕಾಯಿಸಬೇಡಿ. ಬಯಾಪ್ಸಿ ರಿಪೋರ್ಟ್, ಸ್ಕ್ಯಾನ್, ಆಧಾರ್, ರೇಷನ್ ಕಾರ್ಡ್ ಒಂದೇ ಚೀಲದಲ್ಲಿ ಹಾಕಿಕೊಂಡು ಈ ಸೋಮವಾರವೇ ಕಲಬುರಗಿಗೆ ಕರೆದುಕೊಂಡು ಬನ್ನಿ. ನೋವಿದ್ದರೆ ಅದನ್ನು ಮೊದಲು ಹೇಳಿ. ಕ್ಯಾನ್ಸರ್ ನೋವಿಗೆ ಮಾರ್ಫಿನ್ ಮಾತ್ರೆ ಇದೆ, ವೈದ್ಯರ ಲೆಕ್ಕದಲ್ಲಿ ತಗೊಂಡರೆ ಅದು ಚಟವಾಗುತ್ತದೆಂದು ಅಂಜಬೇಕಿಲ್ಲ, ನೋವು ಕಡಿಮೆಯಾದರೆ ಐದು ವಾರದ ಚಿಕಿತ್ಸೆ ಪೂರ್ತಿ ಮುಗಿಸುವುದೂ ಆಕೆಗೆ ಹಗುರವಾಗುತ್ತದೆ.